ಯೂನಿಯನ್ ಕೌಂಟಿಯ ಲೆಕ್ಕಕ್ಕೆ ಬಂದ ಸಾವುಗಳು

ಫ್ಲಾರಿಡಾ ರಾಜ್ಯದ ಉತ್ತರ ಭಾಗದಲ್ಲಿ ಯೂನಿಯನ್ ಅಂತ ಒಂದು ಕೌಂಟಿ ಇದೆ. ಪೈನ್ ಮರಗಳ ತೋಪು, ಹೊಲ, ಅಲ್ಲೊಂದು ಇಲ್ಲೊಂದು ಚಿಕ್ಕ ಊರು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಆದರೆ ಇದನ್ನು ನಮ್ಮ ಜಿಲ್ಲೆಯ ಗಾತ್ರದಲ್ಲಿ ಕಲ್ಪಿಸಿಕೊಳ್ಳಬೇಡಿ. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದು ಸುಮಾರು 16 ಸಾವಿರ ಜನ. ನಮ್ಮ ಕಡೆಯ ಒಂದು ಹೋಬಳಿಯಷ್ಟೂ ಇಲ್ಲ. ಫ್ಲಾರಿಡಾದ 67 ಕೌಂಟಿಗಳಲ್ಲಿ ವಿಸ್ತೀರ್ಣದಲ್ಲಿ ಇದೇ ಅತಿ ಚಿಕ್ಕದು. 1921ರಲ್ಲಿ ಪಕ್ಕದ ಬ್ರಾಡ್‌ಫರ್ಡ್ ಕೌಂಟಿಯಿಂದ ಬೇರೆ ಮಾಡಿದ್ದು. ಮುಖ್ಯ ಊರು ಲೇಕ್ ಬಟ್ಲರ್.

2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕಾಚಾರ ಬಂತು. 1980ರಿಂದ 2014ರವರೆಗೆ ಅಮೆರಿಕದ ಒಂದೊಂದು ಕೌಂಟಿಯಲ್ಲೂ ಕ್ಯಾನ್ಸರಿನಿಂದ ಎಷ್ಟು ಜನ ಸತ್ತರು ಅನ್ನುವ ಲೆಕ್ಕ ಅದು. ದೇಶದ ಒಟ್ಟು ದರ ಲಕ್ಷಕ್ಕೆ 240ರಿಂದ 192ಕ್ಕೆ ಇಳಿದಿತ್ತು. ಒಳ್ಳೆಯ ಸುದ್ದಿಯೇ. ಆದರೆ ಕೌಂಟಿಗಳ ನಡುವಿನ ಅಂತರ ಬೆಚ್ಚಿಬೀಳಿಸುವ ಹಾಗಿತ್ತು. 2014ರಲ್ಲಿ ಅತಿ ಕಡಿಮೆ ದರ ಕೊಲರಾಡೊ ರಾಜ್ಯದ ಸಮಿಟ್ ಕೌಂಟಿಯದು, ಲಕ್ಷಕ್ಕೆ ಸುಮಾರು 71. ಅತಿ ಜಾಸ್ತಿ ನಮ್ಮ ಈ ಯೂನಿಯನ್ ಕೌಂಟಿಯದು. ಲಕ್ಷಕ್ಕೆ 503.

ಏಳು ಪಟ್ಟು! ಮೂರು ಸಾವಿರಕ್ಕೂ ಮೀರಿದ ಕೌಂಟಿಗಳಲ್ಲಿ ಮೊದಲ ಸ್ಥಾನ, ಅದೂ ಇಂಥ ವಿಷಯಕ್ಕೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2010ರಿಂದ ಪ್ರತಿ ರಾಜ್ಯದ ಕೌಂಟಿಗಳನ್ನೂ ಆರೋಗ್ಯದ ಆಧಾರದ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದರು. ಫ್ಲಾರಿಡಾದ ಆ ಪಟ್ಟಿಯಲ್ಲೂ ಹಲವು ವರ್ಷ ಯೂನಿಯನ್‌ಗೆ ಕೊನೆಯ ಜಾಗ. ಜಾಕ್ಸನ್‌ವಿಲ್ ನಗರದ ದಕ್ಷಿಣಕ್ಕಿರುವ ಸ್ಥಿತಿವಂತರ ಸೇಂಟ್ ಜಾನ್ಸ್ ಕೌಂಟಿ ತುದಿಯಲ್ಲಿ, ಯೂನಿಯನ್ ಬುಡದಲ್ಲಿ.

ಇಂಥ ಅಂಕಿ ಕಂಡ ತಕ್ಷಣ ಯಾರಿಗಾದರೂ ಬರುವ ಯೋಚನೆ ಒಂದೇ: ಅಲ್ಲಿನ ನೀರಲ್ಲಿ ಏನಿದೆ? ಹೊಲಕ್ಕೆ ಏನು ಹೊಡೆಯುತ್ತಾರೆ? ನನಗೂ ಮೊದಲು ಅದೇ ಬಂತು. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಈ 503 ಹೇಗೆ ಹುಟ್ಟಿತು ಅಂತ ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ವಯಸ್ಸು

ಸಾವಿನ ದರ ಅಂದರೆ ಒಂದು ಭಾಗಾಕಾರ. ಮೇಲೆ ಸತ್ತವರ ಸಂಖ್ಯೆ, ಕೆಳಗೆ ಅಲ್ಲಿರುವ ಜನರ ಸಂಖ್ಯೆ. ಹಾಗೇ ಭಾಗಿಸಿ ಬಂದದ್ದನ್ನು ಕಚ್ಚಾ ದರ ಅನ್ನುತ್ತಾರೆ. ಕಚ್ಚಾ ದರ ನೋಡಿ ಫ್ಲಾರಿಡಾದ ಕೌಂಟಿಗಳನ್ನು ಹೋಲಿಸಿದರೆ ಸಮ್ಟರ್ ಕೌಂಟಿ ಪಟ್ಟಿಯ ಮೇಲ್ಗಡೆ ಬಂದು ಕೂರುತ್ತದೆ. ಯಾಕೆ ಗೊತ್ತಾ? ದಿ ವಿಲೇಜಸ್ ಅನ್ನುವ ಭಾರೀ ದೊಡ್ಡ ನಿವೃತ್ತರ ಬಡಾವಣೆಯ ಬಹುಪಾಲು ಇರುವುದು ಅಲ್ಲೇ. ಕೌಂಟಿಯ ಅರ್ಧಕ್ಕಿಂತ ಜಾಸ್ತಿ ಜನ 65 ದಾಟಿದವರು. ಗಾಲ್ಫ್ ಗಾಡಿ ಓಡಿಸಿಕೊಂಡು, ಸಂಜೆ ಚೌಕದಲ್ಲಿ ಕುಣಿದುಕೊಂಡು ಆರಾಮವಾಗಿರುವ ಹಿರಿಯರು. ಅವರ ವಯಸ್ಸಿನವರಿಗೆ ಹೋಲಿಸಿದರೆ ಅವರ ಆರೋಗ್ಯ ಚೆನ್ನಾಗಿಯೇ ಇದೆ. ಆದರೂ ವಯಸ್ಸು ವಯಸ್ಸೇ, ಅಲ್ವಾ?

ಇದನ್ನು ಸರಿಮಾಡುವ ದಾರಿ ಹಳೆಯದು, ಸುಲಭದ್ದು. ಲೆಕ್ಕ ಅರ್ಥವಾಗಲಿ ಅಂತ ಎರಡು ಊರು ಕಲ್ಪಿಸಿಕೊಳ್ಳಿ, ತಲಾ ಹತ್ತು ಸಾವಿರ ಜನ. ಮೊದಲ ಊರಲ್ಲಿ 65 ದಾಟಿದವರು ಒಂದು ಸಾವಿರ ಮಾತ್ರ. ಅಲ್ಲಿ ವರ್ಷಕ್ಕೆ ಕಿರಿಯರಲ್ಲಿ ಸಾವಿರಕ್ಕೆ 2, ಹಿರಿಯರಲ್ಲಿ ಸಾವಿರಕ್ಕೆ 50 ಜನ ಸಾಯುತ್ತಾರೆ ಅಂತಿಟ್ಟುಕೊಳ್ಳಿ. 18 ಮತ್ತು 50, ಒಟ್ಟು 68 ಸಾವು. ಎರಡನೇ ಊರಲ್ಲಿ ಹಿರಿಯರೇ ಆರು ಸಾವಿರ. ಆದರೆ ಕಿರಿಯರಲ್ಲಿ ಸಾವಿರಕ್ಕೆ ಒಂದೂವರೆ, ಹಿರಿಯರಲ್ಲಿ 40 ಸಾವು ಮಾತ್ರ. ಎರಡೂ ವಯಸ್ಸಿನಲ್ಲಿ ಈ ಊರೇ ವಾಸಿ. ಆದರೂ ಕೂಡಿದರೆ 6 ಮತ್ತು 240, ಒಟ್ಟು 246 ಸಾವು. ಮೊದಲ ಊರಿನ ಮೂರೂವರೆ ಪಟ್ಟಿಗಿಂತ ಜಾಸ್ತಿ.

ಈಗ ಎರಡೂ ಊರಿಗೆ ಒಂದೇ ವಯಸ್ಸಿನ ಅಚ್ಚು ಹಾಕೋಣ. ಎರಡರಲ್ಲೂ ಕಿರಿಯರು 8,500, ಹಿರಿಯರು 1,500 ಇದ್ದಿದ್ದರೆ ಅಂತ ಕೇಳೋಣ. ಮೊದಲ ಊರಿಗೆ 92 ಸಾವು ಬರುತ್ತದೆ, ಎರಡನೆಯದಕ್ಕೆ 73. ಸಾಲು ತಿರುಗಿಬಿತ್ತು. ಇಷ್ಟೇ ವಯಸ್ಸಿನ ಹೊಂದಾಣಿಕೆ. ಅಮೆರಿಕದಲ್ಲಿ ಈಗ ಬಳಸುವ ಅಚ್ಚು 2000ನೇ ಇಸವಿಯ ಜನಸಂಖ್ಯೆಯದು. ಅದಕ್ಕೆ ಮುಂಚೆ 1940ರದ್ದು ನಡೆಯುತ್ತಿತ್ತು. ಅಚ್ಚು ಬದಲಾದಾಗ ಒಂದು ಜೀವವೂ ಹೆಚ್ಚುಕಡಿಮೆ ಆಗದೆ ಒಟ್ಟು ಸಾವಿನ ದರ ಮೇಲಕ್ಕೇರಿತು. ಹಾಗಾಗಿ ಬೇರೆ ಬೇರೆ ಅಚ್ಚಿನ ದರಗಳನ್ನು ಪಕ್ಕಪಕ್ಕ ಇಡಲೇಬಾರದು.

ಈಗ ಯೂನಿಯನ್‌ಗೆ ಬರೋಣ. ಆ 503 ಕಚ್ಚಾ ದರ ಅಲ್ಲವೇ ಅಲ್ಲ. ವಯಸ್ಸು ಹೊಂದಿಸಿದ ಮೇಲೂ ಬಂದ ದರ ಅದು. ಸಮ್ಟರ್ ಕೌಂಟಿಯನ್ನು ಕಾಪಾಡಿದ ಲೆಕ್ಕ ಯೂನಿಯನ್ ಕೌಂಟಿಯನ್ನು ಕಾಪಾಡಲಿಲ್ಲ.

ಆಮೇಲೆ ಚಿಕ್ಕ ಸಂಖ್ಯೆ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿಯೂ ಉತ್ತರ ಇಲ್ಲ. ಫ್ಲಾರಿಡಾದ ಲಿಬರ್ಟಿ ಕೌಂಟಿಯಲ್ಲಿ ಎಂಟು ಸಾವಿರ ಜನವೂ ಇಲ್ಲ. ಅಂಥ ಕಡೆ ವರ್ಷಕ್ಕೆ 80 ಸಾವು ನಿರೀಕ್ಷೆ ಇದ್ದರೆ, ಏನೂ ಬದಲಾಗದಿದ್ದರೂ ಒಂದು ವರ್ಷ 62, ಇನ್ನೊಂದು ವರ್ಷ 98 ಆಗಬಹುದು. ಬರೀ ಅದೃಷ್ಟದ ಆಟ. 27 ಲಕ್ಷ ಜನರಿರುವ ಮಯಾಮಿ-ಡೇಡ್‌ನಲ್ಲಿ ಈ ತೂಗಾಟ ನೂರಕ್ಕೆ ಒಂದರ ಆಸುಪಾಸು. ಅದಕ್ಕೇ ದೇಶದ ಪಟ್ಟಿಗಳಲ್ಲಿ ಅತಿ ಮೇಲೂ ಅತಿ ಕೆಳಗೂ ಸಣ್ಣ ಕೌಂಟಿಗಳೇ ತುಂಬಿರುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 20ಕ್ಕಿಂತ ಕಡಿಮೆ ಸಾವಿನ ಮೇಲೆ ಕಟ್ಟಿದ ದರಕ್ಕೆ ‘ನಂಬಲರ್ಹವಲ್ಲ’ ಅಂತ ಗುರುತು ಹಾಕುತ್ತಾರೆ. ಹತ್ತಕ್ಕಿಂತ ಕಡಿಮೆ ಇದ್ದರೆ ಸಂಖ್ಯೆಯನ್ನೇ ತೋರಿಸುವುದಿಲ್ಲ. ಫ್ಲಾರಿಡಾದ ಆರೋಗ್ಯ ಇಲಾಖೆ ಮೂರು ಮೂರು ವರ್ಷ ಕೂಡಿಸಿಯೂ ದರ ಕೊಡುತ್ತದೆ.

ಅದೃಷ್ಟದ ಆಟವಾಗಿದ್ದರೆ ಯೂನಿಯನ್ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ ಇರಬೇಕಿತ್ತು. ಹಾಗಿಲ್ಲ. ವರ್ಷ ವರ್ಷವೂ ಅದೇ ಜಾಗ. ಅಂದರೆ ಇಲ್ಲಿ ಏನೋ ಗಟ್ಟಿಯಾದದ್ದೇ ಇದೆ.

ಜನಗಣತಿಯ ಪುಟದಲ್ಲಿ ಸಿಕ್ಕ ಸುಳಿವು

ಸುಳಿವು ಸಿಗುವುದು ಸಾವಿನ ಪಟ್ಟಿಯಲ್ಲಲ್ಲ, ಜನಗಣತಿಯಲ್ಲಿ. ಯೂನಿಯನ್ ಕೌಂಟಿಯ ಪ್ರತಿ ಮೂವರಲ್ಲಿ ಹತ್ತಿರ ಹತ್ತಿರ ಇಬ್ಬರು ಗಂಡಸರು. ಸಾಮಾನ್ಯವಾದ ಯಾವ ಊರಲ್ಲೂ ಹೀಗಿರುವುದಿಲ್ಲ. ಗಣಿಯೂರು, ಸೈನ್ಯದ ನೆಲೆ, ಇಲ್ಲವೇ ಜೈಲು ಇರಬೇಕು.

ಜೈಲೇ. ರೈಫರ್ಡ್ ಎಂಬಲ್ಲಿ ಯೂನಿಯನ್ ಕರೆಕ್ಷನಲ್ ಇನ್‌ಸ್ಟಿಟ್ಯೂಷನ್ ಇದೆ. ಮರಣದಂಡನೆಗೆ ಗುರಿಯಾದವರನ್ನು ಇಡುವ ಜೈಲುಗಳಲ್ಲಿ ಅದೂ ಒಂದು. ಲೇಕ್ ಬಟ್ಲರ್ ಹತ್ತಿರ ಇನ್ನೊಂದಿದೆ, 1968ರಲ್ಲಿ ಶುರುವಾದ ರಿಸೆಪ್ಷನ್ ಅಂಡ್ ಮೆಡಿಕಲ್ ಸೆಂಟರ್. ಹೆಸರೇ ಹೇಳುವ ಹಾಗೆ ಎರಡು ಕೆಲಸ. ಹೊಸದಾಗಿ ಶಿಕ್ಷೆಯಾದ ಗಂಡಸರನ್ನು ಬರಮಾಡಿಕೊಂಡು, ಪರೀಕ್ಷೆ ಮಾಡಿ, ಬೇರೆ ಜೈಲುಗಳಿಗೆ ಹಂಚುವುದು ಒಂದು. ಇನ್ನೊಂದು, ಫ್ಲಾರಿಡಾದ ಬೇರೆ ಬೇರೆ ಜೈಲುಗಳಲ್ಲಿ ತುಂಬಾ ಕಾಯಿಲೆ ಬಿದ್ದ ಕೈದಿಗಳನ್ನು ಕರೆಸಿಕೊಳ್ಳುವುದು. ಅದರೊಳಗೇ ಒಂದು ಆಸ್ಪತ್ರೆ ಇದೆ. ಒಟ್ಟಾರೆ ಕೌಂಟಿಯ ಜನಸಂಖ್ಯೆಯ ಕಾಲುಭಾಗಕ್ಕಿಂತ ಜಾಸ್ತಿ ಕೈದಿಗಳೇ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಅಮೆರಿಕದಲ್ಲಿ ಸಾವನ್ನು ಎಣಿಸುವುದು ಸತ್ತ ಜಾಗದ ಲೆಕ್ಕದಲ್ಲಲ್ಲ, ವಾಸವಿದ್ದ ಜಾಗದ ಲೆಕ್ಕದಲ್ಲಿ. ಹಾಗಿದ್ದರೆ ಮಯಾಮಿಯವನು ಲೇಕ್ ಬಟ್ಲರ್‌ನಲ್ಲಿ ಸತ್ತರೆ ಅದು ಮಯಾಮಿಯ ಲೆಕ್ಕಕ್ಕೆ ಹೋಗಬೇಕಲ್ಲ?

ಉತ್ತರ ಮರಣ ಪತ್ರದಲ್ಲಿದೆ. ಅಮೆರಿಕದ ಮಾದರಿ ಮರಣ ಪತ್ರದಲ್ಲಿ 7ನೇ ಅಂಶ ಸತ್ತವರ ವಾಸಸ್ಥಳದ್ದು. 7-ಎ ರಾಜ್ಯ, 7-ಬಿ ಕೌಂಟಿ. ಸತ್ತ ಜಾಗದ್ದು ಬೇರೆಯೇ, 14ರಿಂದ 17ರವರೆಗೆ. ವಾಸಸ್ಥಳ ಹೇಗೆ ತುಂಬಬೇಕು ಅಂತ ಅಂತ್ಯಕ್ರಿಯೆ ನಡೆಸುವವರಿಗೆ ಒಂದು ಕೈಪಿಡಿ ಇದೆ. ಅದರ ಪ್ರಕಾರ ಸಾಮಾನ್ಯ ಆಸ್ಪತ್ರೆ ಯಾವತ್ತೂ ಯಾರ ವಾಸಸ್ಥಳವೂ ಆಗುವುದಿಲ್ಲ. ನಾಲ್ಕು ದಿನ ಚಿಕಿತ್ಸೆಗೆ ಹೋದವರು ಅಲ್ಲಿನ ನಿವಾಸಿ ಆಗಲ್ಲ, ಸರಿಯೇ. ಆದರೆ ಜನ ದೀರ್ಘಕಾಲ ಇರುವ ಜಾಗಗಳು ವಾಸಸ್ಥಳವೇ ಆಗುತ್ತವೆ: ವೃದ್ಧರ ಆರೈಕೆ ಮನೆ, ಮಾನಸಿಕ ಆರೋಗ್ಯ ಸಂಸ್ಥೆ, ಜೈಲು.

ಒಬ್ಬ ಕೈದಿಯನ್ನು ಊಹಿಸಿಕೊಳ್ಳಿ. ವಯಸ್ಸು 58. ಹುಟ್ಟಿ ಬೆಳೆದದ್ದು ಮಯಾಮಿಯಲ್ಲಿ. ಹದಿನೈದನೇ ವಯಸ್ಸಿಗೆ ಸಿಗರೇಟು ಹಿಡಿದವನು. ಮೂವತ್ತೈದಕ್ಕೆ ಜೈಲು. ಬೇರೆ ಬೇರೆ ಕೌಂಟಿಗಳ ಜೈಲುಗಳಲ್ಲಿ ಇಪ್ಪತ್ತು ವರ್ಷ ಕಳೆದಿದ್ದಾನೆ. ಒಂದು ದಿನ ಕೆಮ್ಮಲ್ಲಿ ರಕ್ತ. ಮಯಾಮಿಯಿಂದ ಐನೂರು ಕಿಲೋಮೀಟರಿಗೂ ದೂರದ ಲೇಕ್ ಬಟ್ಲರ್‌ಗೆ ಕಳಿಸುತ್ತಾರೆ. ಶ್ವಾಸಕೋಶದ ಕ್ಯಾನ್ಸರ್. ಅಲ್ಲೇ ಕೆಲವು ತಿಂಗಳು ಮಲಗಿ ಅಲ್ಲೇ ತೀರಿಕೊಳ್ಳುತ್ತಾನೆ. 7-ಬಿ ಅಂಶದಲ್ಲಿ ಬರೆಯುವುದು: ಯೂನಿಯನ್.

ಈಗ ಯೂನಿಯನ್ ಕೌಂಟಿಯ ಒಬ್ಬ ರೈತನನ್ನು ನೋಡಿ. ಕ್ಯಾನ್ಸರ್ ಆದರೆ ದಕ್ಷಿಣಕ್ಕಿರುವ ಅಲಾಚುವಾ ಕೌಂಟಿಯ ಗೇನ್ಸ್‌ವಿಲ್ ನಗರಕ್ಕೆ ಹೋಗುತ್ತಾನೆ. ಅಲ್ಲಿ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ ಇದೆ. ಅಲ್ಲಿ ಸತ್ತರೂ ಅವನ 7-ಬಿಯಲ್ಲಿ ಬರುವುದು ಯೂನಿಯನ್ನೇ. ಹೊರಗೆ ಹೋಗಿ ಸತ್ತವನೂ ಯೂನಿಯನ್ ಲೆಕ್ಕಕ್ಕೆ, ಹೊರಗಿನಿಂದ ಬಂದು ಸತ್ತವನೂ ಯೂನಿಯನ್ ಲೆಕ್ಕಕ್ಕೆ. ಯಾರೂ ತಪ್ಪು ಮಾಡಿಲ್ಲ. ಎರಡೂ ಕಡೆ ನಿಯಮ ಸರಿಯಾಗಿಯೇ ಪಾಲನೆಯಾಗಿದೆ.

ಚಿಕ್ಕ ಕೌಂಟಿಗೆ ಇದು ಎಷ್ಟು ಭಾರ ಅಂತ ಒಂದು ಉದಾಹರಣೆಯಲ್ಲಿ ನೋಡಿ. 16 ಸಾವಿರ ಜನರಲ್ಲಿ ವರ್ಷಕ್ಕೆ 160 ಸಾವು ಅಂದರೆ ಲಕ್ಷಕ್ಕೆ ಸಾವಿರ. ಹೊರಗಿನಿಂದ ಬಂದ 80 ಸಾವು ಅದಕ್ಕೆ ಸೇರಿದರೆ ಲಕ್ಷಕ್ಕೆ 1,500. ಅದೇ 80 ಸಾವು ಮಯಾಮಿ-ಡೇಡ್ ಲೆಕ್ಕದಲ್ಲಿ ಉಳಿದಿದ್ದರೆ ಅಲ್ಲಿನ ದರ ಲಕ್ಷಕ್ಕೆ ಮೂರರಷ್ಟು ಏರುತ್ತಿತ್ತು. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ವಯಸ್ಸಿನ ಹೊಂದಾಣಿಕೆ ಯಾಕೆ ಕೈಕೊಟ್ಟಿತು ಅನ್ನುವುದೂ ಈಗ ಗೊತ್ತಾಗುತ್ತದೆ. ಅದು ಕೇಳುವುದು ವಯಸ್ಸನ್ನು ಮಾತ್ರ. 58 ವರ್ಷದ ಗಂಡಸರು ಅಂದರೆ ಎಲ್ಲ ಕಡೆ ಒಂದೇ ಥರ ಆಯ್ಕೆಯಾಗಿ ಬಂದವರು ಅಂತ ಅಂದುಕೊಳ್ಳುತ್ತದೆ. ಯೂನಿಯನ್‌ನ ಜೈಲು ಆಸ್ಪತ್ರೆಯಲ್ಲಿರುವ 58ರ ಗಂಡಸು ಕಾಯಿಲೆ ಬಿದ್ದಿದ್ದಕ್ಕೇ ಅಲ್ಲಿಗೆ ಬಂದವನು. ಸಾವಿಗೆ ಹತ್ತಿರವಾದವರನ್ನೇ ಹುಡುಕಿ ಹುಡುಕಿ ಒಂದು ಕಡೆ ಸೇರಿಸಿದರೆ ಆ ವಯಸ್ಸಿನ ದರ ಆಕಾಶಕ್ಕೇರುತ್ತದೆ. ಹೊಂದಾಣಿಕೆ ಅದನ್ನು ತಗ್ಗಿಸುವುದಿಲ್ಲ. ಇಡೀ ದೇಶದ 58ರವರಿಗೆಲ್ಲ ಹೀಗೇ ಆದರೆ ಏನಾಗುತ್ತದೆ ಅಂತ ಗುಣಿಸಿ ತೋರಿಸುತ್ತದೆ, ಅಷ್ಟೇ.

ಸಮಿಟ್ ಕೌಂಟಿಯಲ್ಲಿ ಇದೇ ಕಥೆಯನ್ನು ತಿರುಗಿಸಿ ಓದಬಹುದು. ಅದು ರಾಕಿ ಪರ್ವತಗಳ ಮೇಲಿನ ಸ್ಕೀಯಿಂಗ್ ಜಾಗ. ಗಟ್ಟಿ ಮೈಯವರು, ಹಣವಿದ್ದವರು ಹುಡುಕಿಕೊಂಡು ಹೋಗಿ ನೆಲೆಸುತ್ತಾರೆ. ವಯಸ್ಸಾಗಿ ಉಸಿರಿನ ತೊಂದರೆ ಶುರುವಾದರೆ ಅಷ್ಟು ಎತ್ತರದಲ್ಲಿ ಇರುವುದು ಕಷ್ಟ, ಕೆಳಗಿನ ಊರಿಗೆ ಇಳಿಯುತ್ತಾರೆ. ಏಳು ಪಟ್ಟು ಅಂತರದಲ್ಲಿ ನೆಲದ ಗುಣ ಎಷ್ಟು, ಬಂದು ಹೋಗುವವರ ಗುಣ ಎಷ್ಟು ಅಂತ ಕೇಳಲೇಬೇಕು.

ನಮ್ಮ ಚಿಕ್ಕಪ್ಪನ ಪ್ರಮಾಣಪತ್ರ

ಇದನ್ನು ಓದುವಾಗ ನನಗೆ ನೆನಪಾಗಿದ್ದು ನಮ್ಮ ಚಿಕ್ಕಪ್ಪ. ತಿಪಟೂರು ತಾಲ್ಲೂಕಿನವರು, ತೆಂಗಿನ ತೋಟ ಬಿಟ್ಟು ಎಲ್ಲಿಗೂ ಹೋದವರಲ್ಲ. ಹೊಟ್ಟೆಯ ಕ್ಯಾನ್ಸರ್ ಆಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ಹೋಗಿಬಿಟ್ಟರು. ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರ ಬೇಕಾಯಿತು. ಊರಿನ ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ, ಇಲ್ಲಿ ನೋಂದಣಿ ಆಗಿರಲ್ಲ, ಬೆಂಗಳೂರಲ್ಲೇ ತಗೋಬೇಕು ಅಂದರು. ಅವರು ಹೇಳಿದ್ದು ಸರಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ನಮ್ಮಲ್ಲಿ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಪ್ರಮಾಣಪತ್ರದಲ್ಲಿ ಊರಿನ ವಿಳಾಸವೂ ಇತ್ತು, ನಿಜ. ಆದರೆ ನೋಂದಣಿಯ ಎಣಿಕೆ ಬೆಂಗಳೂರಿನದು.

ಅಲ್ಲಿ ಮರಣ ಪತ್ರದ ಒಂದು ಅಂಶದಿಂದ ಆಗಿದ್ದು ಇಲ್ಲಿ ಇಡೀ ವ್ಯವಸ್ಥೆಯಿಂದಲೇ ಆಗುತ್ತದೆ. ಕಿದ್ವಾಯಿಗೆ, ಜಯದೇವಕ್ಕೆ, ನಿಮ್ಹಾನ್ಸ್‌ಗೆ ರಾಜ್ಯದ ಎಲ್ಲ ಮೂಲೆಗಳಿಂದ ಜನ ಬರುತ್ತಾರೆ. ಮಂಗಳೂರಿನ ವೈದ್ಯಕೀಯ ಕಾಲೇಜುಗಳಿಗೆ ಕಾಸರಗೋಡಿನಿಂದ, ಮಲೆನಾಡಿನಿಂದ ಬರುತ್ತಾರೆ. ನೋಂದಣಿಯಾದ ಸಾವುಗಳನ್ನು ಹಾಗೇ ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿದರೆ ಆಸ್ಪತ್ರೆ ಇರುವ ಜಿಲ್ಲೆ ಅಪಾಯದ ಜಾಗದ ಹಾಗೆ ಕಾಣುತ್ತದೆ, ಆಸ್ಪತ್ರೆ ಇಲ್ಲದ ಜಿಲ್ಲೆ ಆರೋಗ್ಯವಂತ ಜಿಲ್ಲೆಯ ಹಾಗೆ. ಇದಕ್ಕಿಂತ ಅನ್ಯಾಯದ ತಿರುವುಮುರುವು ಬೇರೆ ಇಲ್ಲ ಅಂತ ನನಗನಿಸುತ್ತದೆ. ಸಾಲದ್ದಕ್ಕೆ ದಕ್ಷಿಣ ಕನ್ನಡ, ಉಡುಪಿಯಲ್ಲಿ ವಯಸ್ಸಾದವರ ಪಾಲು ಜಾಸ್ತಿ, ಯಾದಗಿರಿಯಲ್ಲಿ ಮಕ್ಕಳ ಪಾಲು ಜಾಸ್ತಿ. ವಾಸಸ್ಥಳದ ಪ್ರಕಾರ ಎಣಿಸುವ ಮಾದರಿ ನೋಂದಣಿ ಸಮೀಕ್ಷೆ ನಮ್ಮಲ್ಲೂ ಇದೆ. ಆದರೆ ಅದರಿಂದ ಸಿಗುವುದು ರಾಜ್ಯದ ದರ, ಜಿಲ್ಲೆಯದಲ್ಲ.

ಜೈಲನ್ನು ಕಳೆದರೆ ಉಳಿಯುವುದೇನು?

ಯೂನಿಯನ್ ಪ್ರಕರಣವನ್ನು ಓದಿದ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ‘ಓ, ಜೈಲಿನಿಂದ ಹೀಗಾಗಿದೆಯಾ, ಸರಿ ಬಿಡಿ’ ಅಂತ. ನನಗೆ ಇದು ಒಪ್ಪಿಗೆಯಿಲ್ಲ.

ಮೊದಲನೆಯದು, ಆ ಕೈದಿಗಳು ಲೆಕ್ಕದ ತಪ್ಪಿನಿಂದ ಹುಟ್ಟಿದವರಲ್ಲ. ನಿಜವಾಗಿ ಸತ್ತವರು. ಫ್ಲಾರಿಡಾ 1983ರಲ್ಲಿ ಹೆಚ್ಚಿನ ಅಪರಾಧಗಳಿಗೆ ಪೆರೋಲ್, ಅಂದರೆ ಶಿಕ್ಷೆ ಮುಗಿಯುವ ಮುಂಚೆಯೇ ಷರತ್ತು ಹಾಕಿ ಬಿಡುವುದನ್ನು, ತೆಗೆದುಹಾಕಿತು. 1995ರಲ್ಲಿ ಶಿಕ್ಷೆಯ ಶೇ. 85 ಭಾಗವನ್ನಾದರೂ ಒಳಗೇ ಕಳೆಯಬೇಕು ಅನ್ನುವ ಕಾನೂನು ಬಂತು. ಹರೆಯದಲ್ಲಿ ಒಳಗೆ ಹೋದವರು ಅಲ್ಲೇ ಮುದುಕರಾಗತೊಡಗಿದರು. ಅಲ್ಲಿನ ಕಾನೂನು ಕೈದಿಗಳಲ್ಲಿ 50 ದಾಟಿದವರನ್ನೇ ವೃದ್ಧರು ಅಂತ ಕರೆಯುತ್ತದೆ. ಜೈಲಿನಲ್ಲಿ ಮೈ ಅಷ್ಟು ಬೇಗ ಸವೆಯುತ್ತದೆ. ಜೈಲುಗಳಲ್ಲಿ ಹೊಗೆಸೊಪ್ಪು ನಿಷೇಧವಾಗಿದ್ದು 2011ರಲ್ಲಿ. ಅಲ್ಲಿಯವರೆಗೆ ಸೇದಿದ ಸಿಗರೇಟಿನ ಬಾಕಿ ತೀರಲು ಇನ್ನೂ ಎಷ್ಟೋ ವರ್ಷ ಬೇಕು. ಯಕೃತ್ತನ್ನು ತಿನ್ನುವ ಹೆಪಟೈಟಿಸ್ ಸಿ ಕೂಡ ಹೊರಗಿನವರಿಗಿಂತ ಕೈದಿಗಳಲ್ಲಿ ತುಂಬಾ ಜಾಸ್ತಿ. ಹೀಗೆ ಮಯಾಮಿ, ಟ್ಯಾಂಪಾ, ಜಾಕ್ಸನ್‌ವಿಲ್‌ಗಳ ಬಡ ಓಣಿಗಳಲ್ಲಿ ಶುರುವಾದ ಕಾಯಿಲೆ ಜೈಲುಗಳಲ್ಲಿ ಬಲಿತು ಕೊನೆಗೆ ಒಂದು ಚಿಕ್ಕ ಹಳ್ಳಿಗಾಡಿನ ಹೆಸರಿಗೆ ಬೀಳುತ್ತದೆ.

ಎರಡನೆಯದು, ಜೈಲಿನ ಹೊರಗಿರುವ ಹನ್ನೊಂದು ಸಾವಿರ ಚಿಲ್ಲರೆ ಜನ. ಉತ್ತರ ಫ್ಲಾರಿಡಾದ ಹಳ್ಳಿಗಾಡಿನ ಕೌಂಟಿಗಳಲ್ಲಿ ಸಿಗರೇಟು ಸೇದುವವರು ರಾಜ್ಯದ ಸರಾಸರಿಗಿಂತ ಜಾಸ್ತಿ, ವೈದ್ಯರು ಕಡಿಮೆ. ಸುತ್ತಲಿನ ಬೇಕರ್, ಬ್ರಾಡ್‌ಫರ್ಡ್, ಕೊಲಂಬಿಯಾ ಕೌಂಟಿಗಳಲ್ಲೂ ಸಾವಿನ ದರ ರಾಜ್ಯದ ಸರಾಸರಿಗಿಂತ ಮೇಲೇ ಇದೆ. ಯೂನಿಯನ್‌ನಷ್ಟು ಇಲ್ಲ, ಆದರೆ ಮೇಲಿದೆ. ಅಲ್ಲೂ ಜೈಲು, ಮಾನಸಿಕ ಆಸ್ಪತ್ರೆಗಳಿವೆ ಅನ್ನುವುದು ನಿಜ. ಆದರೂ ಪೂರ್ತಿ ಅದರಿಂದಲೇ ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. 503ರ ಅಂಕಿ ಅಷ್ಟು ದೊಡ್ಡ ಗದ್ದಲ ಮಾಡಿ ಈ ಜನರ ಸಂಕಟದ ಸದ್ದೇ ಕೇಳದ ಹಾಗೆ ಮಾಡಿದೆ. ಗದ್ದಲ ಬರೀ ಜೈಲಿನದು ಅಂತ ಗೊತ್ತಾದ ಮೇಲೆ ಇವರನ್ನು ಕೇಳುವವರೂ ಇಲ್ಲ.

ಹಾಗಾದರೆ ಸರಿಯಾಗಿ ಲೆಕ್ಕ ಹಾಕುವುದು ಹೇಗೆ? ಜೈಲಿನವರನ್ನು ಭಾಗಾಕಾರದ ಮೇಲಿನಿಂದಲೂ ಕೆಳಗಿನಿಂದಲೂ ತೆಗೆಯಬೇಕು. ಒಂದು ಕಡೆ ಮಾತ್ರ ತೆಗೆದರೆ ಹೊಸ ತಪ್ಪು. ಸತ್ತವರನ್ನು ಮಾತ್ರ ಬಿಟ್ಟು ಆರೋಗ್ಯವಾಗಿರುವ ಸಾವಿರಾರು ಕೈದಿಗಳನ್ನು ಕೆಳಗೆ ಹಾಗೇ ಇಟ್ಟರೆ ಯೂನಿಯನ್ ಇದ್ದಕ್ಕಿದ್ದಂತೆ ಸ್ವರ್ಗದ ಹಾಗೆ ಕಾಣುತ್ತದೆ. ಎರಡೂ ಕಡೆ ತೆಗೆಯಲು ಪ್ರತಿ ಮರಣ ಪತ್ರದ ಬೀದಿ ವಿಳಾಸ ನೋಡಿ ಅದು ಜೈಲಿನದಾ ಅಂತ ಗುರುತಿಸಬೇಕು. ಕೈದಿಗಳು ಯಾವ ವಯಸ್ಸಿನವರು ಎಷ್ಟು ಅಂತಲೂ ತಿಳಿಯಬೇಕು. ಆಗದ ಕೆಲಸವೇನಲ್ಲ, ಕೂತು ಮಾಡಬೇಕು.

ಅಷ್ಟು ಮಾಡಲು ಆಗದವರಿಗೂ ಒಂದು ದಾರಿ ಇದೆ, ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ. ಆ ಎರಡೂ ಜೈಲು ಗಂಡಸರಿಗಾಗಿ ಕಟ್ಟಿದವು. ಹಾಗಾಗಿ ಹೆಂಗಸರ ಸಾವಿನ ದರವನ್ನು ಮಾತ್ರ ಬೇರೆ ತೆಗೆದು ನೋಡಿ. ಜೈಲಿನ ನೆರಳು ಅದರ ಮೇಲೆ ಬೀಳುವುದೇ ಇಲ್ಲ ಅನ್ನಬಹುದು. ಅದನ್ನು ಬೇಕರ್, ಬ್ರಾಡ್‌ಫರ್ಡ್, ಕೊಲಂಬಿಯಾದ ಹೆಂಗಸರ ದರದ ಪಕ್ಕ ಇಡಿ. ಹೆಂಗಸರ ಸಂಖ್ಯೆ ಆರು ಸಾವಿರದ ಆಸುಪಾಸು ಅಷ್ಟೇ, ಆದ್ದರಿಂದ ಒಂದು ವರ್ಷದ್ದು ಸಾಲದು, ಐದು ವರ್ಷ ಕೂಡಿಸಿ. ವಯಸ್ಸು ಹೊಂದಿಸಿ. ಆಗ ಸಿಗುವ ಅಂಕಿ 503ರಷ್ಟು ಸುದ್ದಿಯಾಗುವಂಥದ್ದಲ್ಲ. ಆದರೆ ಲೇಕ್ ಬಟ್ಲರ್‌ನ ಆರೋಗ್ಯ ಕಚೇರಿಯಲ್ಲಿ ಕೂತವರು ಸ್ತನ ಕ್ಯಾನ್ಸರ್ ತಪಾಸಣೆಗೆ, ಸಿಗರೇಟು ಬಿಡಿಸುವ ಕೆಲಸಕ್ಕೆ ಎಷ್ಟು ಹಣ ಕೇಳಬೇಕು ಅನ್ನುವುದಕ್ಕೆ ಆ ಅಂಕಿಯೇ ಬೇಕು.

ಗಂಡಸರ ಅಂಕಿಯನ್ನು ಎರಡು ಮಾಡಬೇಕು, ಜೈಲಿನ ಹೊರಗಿನದು ಮತ್ತು ಒಳಗಿನದು. ಹೊರಗಿನದು ಕೌಂಟಿಯ ಮೇಜಿನ ಮೇಲೆ ಇರಲಿ. ಒಳಗಿನದು ಆ ಜೈಲುಗಳನ್ನು ನಡೆಸುವ ರಾಜ್ಯ ಸರ್ಕಾರದ ಮೇಜಿಗೆ, ರಾಜಧಾನಿ ಟಲ್ಲಹಾಸಿಗೆ ಹೋಗಬೇಕು. ಪ್ರತಿಯೊಬ್ಬನ ಹೆಸರಿನ ಮುಂದೆ ಅವನು ಜೈಲಿಗೆ ಬಂದದ್ದು ಯಾವ ಕೌಂಟಿಯಿಂದ, ಕಾಯಿಲೆ ಕಂಡಿದ್ದು ಯಾವ ಜೈಲಲ್ಲಿ, ಲೇಕ್ ಬಟ್ಲರ್‌ಗೆ ಕಳಿಸಿದ್ದು ಎಷ್ಟು ತಿಂಗಳ ಮೇಲೆ ಅನ್ನುವುದನ್ನೂ ಬರೆದು.